ಥರ್ಜಾ ಮೌನ್ಸಿಯ ಪೈಗೆ ಹೆಸರಿಟ್ಟ ದಿನ

ನಮ್ಮ ಕಣಿವೆಯಲ್ಲಿ ಥರ್ಜಾ ಮೌನ್ಸಿ ಮಾಡಿದ ಪೈ ತಿನ್ನದೆ ದೊಡ್ಡವರಾದವರು ಯಾರೂ ಇಲ್ಲ. ಕೆಳಗೆ ಮಾಂಸದ ಕೈಮಾ, ಮೇಲೆ ನುಣ್ಣಗೆ ಹಿಸುಕಿದ ಆಲೂಗಡ್ಡೆ, ಅಂಚಿನಲ್ಲಿ ಕಂದುಬಣ್ಣಕ್ಕೆ ತಿರುಗಿದ ಗರಿಗರಿ ಪದರ. ಆ ಅಂಚಿನ ತುಂಡಿಗಾಗಿ ಒಡಹುಟ್ಟಿದವರು ಮಾತು ಬಿಟ್ಟಿದ್ದನ್ನು ನಾನೇ ನೋಡಿದ್ದೇನೆ. ಇಪ್ಪತ್ತೆರಡು ವರ್ಷ ಅವಳ ಪಕ್ಕದಲ್ಲಿ ಕೂತು ಆಲೂಗಡ್ಡೆ ಸುಲಿದವಳು ನಾನು. ಅವಳ ಕಥೆ ಹೇಳಲು ನನಗಿರುವಷ್ಟು ಹಕ್ಕು ಬೇರೆ ಯಾರಿಗೂ ಇಲ್ಲ, ಇದೆ ಅನ್ನುವವರು ಮೊದಲು ಎರಡು ಮೂಟೆ ಸುಲಿದು ತೋರಿಸಲಿ.

ಥರ್ಜಾ ಗುಡ್ಡದವಳಲ್ಲ, ಕಡಲ ಕಡೆಯ ಬಯಲಿನವಳು. ಅವಳಪ್ಪ ದನ ಸಾಕಿದವನು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಪೇಟೆಯ ಕುಣಿತದ ಕೂಟವೊಂದರಲ್ಲಿ ಕುರಿ ಸಾಕುವ ಐಸಾಕ್ ಮೌನ್ಸಿ ಅವಳ ಕಾಲನ್ನು ಮೂರು ಸಲ ತುಳಿದನಂತೆ. "ಪಾಪ ಅನ್ನಿಸ್ತು, ಮದುವೆ ಆದೆ" ಎನ್ನುತ್ತಿದ್ದಳು. ಪಾಪ ಅನ್ನಿಸಿ ಮದುವೆಯಾದವಳು ಆ ಗಂಡ ಸತ್ತು ಆರು ವರ್ಷವಾದರೂ ಅವನ ಟೋಪಿಯನ್ನು ಬಾಗಿಲ ಮೊಳೆಯಿಂದ ತೆಗೆದಿಲ್ಲ.

ನಮ್ಮಲ್ಲಿ ನವೆಂಬರಿನ ಎರಡನೆಯ ಶನಿವಾರ ಕುರಿಗಾಹಿಗಳ ಕೂಟ. ಬೇಲಿಯಿಲ್ಲದ ಗುಡ್ಡದಲ್ಲಿ ದಾರಿ ತಪ್ಪಿ ಬೇರೆಯವರ ಮಂದೆ ಸೇರಿದ ಕುರಿಗಳನ್ನು ಅಂದು ಬೆಳಗ್ಗೆ ದೊಡ್ಡಿಗೆ ತಂದು, ಗುರುತು ನೋಡಿ ಯಜಮಾನರಿಗೆ ಒಪ್ಪಿಸುತ್ತಾರೆ. ಮಧ್ಯಾಹ್ನ ಊರ ಹಾಲ್‌ನಲ್ಲಿ ಎಲ್ಲರಿಗೂ ಕುರಿಗಾಹಿ ಪೈ. ಹೆಸರೇ ಹೇಳುವಂತೆ ಅದರಲ್ಲಿ ಕುರಿಯ ಮಾಂಸವೇ ಇರಬೇಕು. ದನದ ಮಾಂಸ ಹಾಕಿದರೆ ಅದು ಗುಡಿಸಲು ಪೈ, ಬಯಲಿನವರ ಊಟ. ಒಂದನ್ನು ಇನ್ನೊಂದರ ಹೆಸರಿನಿಂದ ಕರೆದವನು ನಮ್ಮ ಹಾಲ್‌ನಲ್ಲಿ ನೆಟ್ಟಗೆ ಊಟ ಮುಗಿಸಿ ಎದ್ದದ್ದಿಲ್ಲ.

ಮದುವೆಯಾದ ವರ್ಷ ಅಡುಗೆಯ ಪಾಳಿ ಹೊಸ ಸೊಸೆಯದಾಯಿತು. ಅತ್ತೆ ಕುರಿಯ ತೊಡೆ ತಂದು ಮೇಜಿನ ಮೇಲಿಟ್ಟಳು. ಅದೇ ದಿನ ಅಪ್ಪ, ಮಗಳ ಮೊದಲ ಅಡುಗೆ ಎಂದು ಒಳ್ಳೆಯ ದನದ ಮಾಂಸ ಕಳಿಸಿಕೊಟ್ಟ. ಅತ್ತೆಯದನ್ನು ಬಿಡುವಂತಿಲ್ಲ, ಅಪ್ಪನದನ್ನು ಎಸೆಯಲು ಮನಸ್ಸಿಲ್ಲ. ಥರ್ಜಾ ಎರಡನ್ನೂ ಒಟ್ಟಿಗೆ ಕೊಚ್ಚಿ ಬೇಯಿಸಿದಳು. ಊರು ತಟ್ಟೆ ನೆಕ್ಕಿತು, ಪಾಳಿ ಅವಳಿಗೇ ಉಳಿಯಿತು. ಮಾರನೆಯ ವರ್ಷ ಹೆದರಿಕೊಂಡು ಬರೀ ಕುರಿಮಾಂಸ ಹಾಕಿದರೆ, "ಚೆನ್ನಾಗಿದೆ, ಆದ್ರೆ ಹೋದ ವರ್ಷದ ಹಾಗಿಲ್ಲ" ಎಂದರು. ಮೂರನೆಯ ವರ್ಷದಿಂದ ಕಂದು ಕಾಗದದ ಪೊಟ್ಟಣವೊಂದು ಹಿತ್ತಲ ಬಾಗಿಲಿನಿಂದ ಒಳಗೆ ಬರತೊಡಗಿತು. ಅಪ್ಪನ ನಂತರ ಅವಳ ತಮ್ಮ ತಂದುಕೊಡುತ್ತಿದ್ದ. ನಾನು ಅದನ್ನು ಕಂಡುಹಿಡಿದ ದಿನ ಥರ್ಜಾ ಕೈಯಲ್ಲಿ ಚೂರಿ ಹಿಡಿದೇ ನನ್ನಿಂದ ಆಣೆ ಮಾಡಿಸಿಕೊಂಡಳು.

ಇದರಲ್ಲಿ ಮಜಾ ಇದ್ದದ್ದು ಜಾಸಿಯದು. ಜಾಸಿ ಐಸಾಕನ ಅಣ್ಣ, ಈಗ ಎಂಬತ್ತೊಂದು. ಕೂಟದಲ್ಲಿ ಕುರಿ ಯಾರದೆಂದು ತೀರ್ಮಾನ ಹೇಳುವವನು ಅವನೇ, ಅವನ ಮಾತಿಗೆ ಎದುರಿಲ್ಲ. ಮಾಂಸದ ಒಂದು ತುತ್ತು ಬಾಯಿಗಿಟ್ಟರೆ ಆ ಕುರಿ ಮೇಯ್ದ ಗುಡ್ಡ ಯಾವುದೆಂದು ಹೇಳುತ್ತೇನೆ ಎಂಬ ಜಂಬ ಬೇರೆ. ವರ್ಷ ವರ್ಷವೂ ಥರ್ಜಾಳ ಪೈ ಬಾಯಿಗಿಟ್ಟು, ಕಣ್ಣು ಮುಚ್ಚಿ, "ಉತ್ತರದ ಇಳಿಜಾರು. ಮೂರು ವರ್ಷದ ಕುರಿ" ಎನ್ನುತ್ತಿದ್ದ. ಎಲ್ಲರೂ ತಲೆದೂಗುತ್ತಿದ್ದರು. ಅಡುಗೆಮನೆಯಲ್ಲಿ ಥರ್ಜಾ ಏಪ್ರನ್ ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

ಹೀಗೆ ನಲವತ್ತಮೂರು ವರ್ಷ ನಡೆಯಿತು. ಹೋದ ನವೆಂಬರಿನಲ್ಲಿ ಹಾಲ್‌ನ ಹೊಸ ಕಾರ್ಯದರ್ಶಿ ರೊವೀನಾ ಒಂದು ಖಾಲಿ ಕಾರ್ಡು ಹಿಡಿದು ಅಡುಗೆಮನೆಗೆ ಬಂದಳು. ದಕ್ಷಿಣದಿಂದ ಬಂದು ನೆಲೆಸಿ ಮೂರು ವರ್ಷವಾಗಿತ್ತು, ಇನ್ನೂ ಎಲ್ಲರ ಹತ್ತಿರವೂ ಕ್ಷಮೆ ಕೇಳಿಕೊಂಡೇ ಮಾತು ಶುರುಮಾಡುತ್ತಿದ್ದಳು.

"ಬೇಜಾರು ಮಾಡ್ಕೋಬೇಡಿ ಥರ್ಜಾ. ಈ ವರ್ಷದಿಂದ ಪ್ರತಿ ತಿಂಡಿ ಮುಂದೆ ಹೆಸರು, ಒಳಗೇನಿದೆ ಅಂತ ಬರೆದಿಡ್ಬೇಕು. ಕುರಿಗಾಹಿ ಪೈ ಅಂತ ಬರೀಲಾ, ಗುಡಿಸಲು ಪೈ ಅಂತ ಬರೀಲಾ?"

"ಥರ್ಜಾ ಪೈ ಅಂತ ಬರಿ."

"ಮಾಂಸ ಯಾವ್ದು ಅಂತಾನೂ ಬೇಕು. ದನದ ಮಾಂಸ ತಿಂದ್ರೆ ಮೈಯೆಲ್ಲಾ ಗಂದೆ ಏಳೋರು ಇರ್ತಾರಂತೆ."

ಥರ್ಜಾಳ ಕೈಯಲ್ಲಿದ್ದ ಆಲೂಗಡ್ಡೆ ಬಕೆಟ್ಟಿಗೆ ಬಿತ್ತು. "ಕಾರ್ಡು ಇಟ್ಟು ಹೋಗು. ನಾನೇ ಬರೀತೀನಿ" ಎಂದಳು.

ರೊವೀನಾ ಹೋದ ಮೇಲೆ ನಾನು ಸುಲಭದ ದಾರಿ ತೋರಿಸಿದೆ. "ಈ ವರ್ಷ ಬರೀ ಕುರಿ ಹಾಕು. ಕುರಿ ಅಂತ ಬರಿ. ಮುಗೀತು."

"ರುಚಿ ಕೆಡುತ್ತೆ."

"ಹಾಗಾದ್ರೆ ಎರಡೂ ಹಾಕು, ಕುರಿ ಅಂತ ಬರಿ."

"ಯಾರದೋ ಮಗೂಗೆ ಗಂದೆ ಎದ್ರೆ?" ಅವಳು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಿಜ ಬರೆದ್ರೆ ಏನಂತಾರೆ ಗೊತ್ತಾ? ನಲವತ್ತಮೂರು ವರ್ಷ ಬೇಯಿಸಿ ಹಾಕಿದ್ಲು ಅನ್ನಲ್ಲ, ನಲವತ್ತಮೂರು ವರ್ಷ ಮೋಸ ಮಾಡಿದ್ಲು ಅಂತಾರೆ. ಎಷ್ಟಾದ್ರೂ ಬಯಲಿನವಳು ಅಂತಾರೆ. ಐಸಾಕ್ ಇದ್ದಾಗ ಅವನ ಹೆಂಡತಿ ಅನ್ನೋದಾದ್ರೂ ಇತ್ತು. ಈಗ ನಾನು ಇಲ್ಲಿ ಯಾರು?"

ನನಗೆ ಸಿಟ್ಟು ಬಂತು. ಒಬ್ಬ ಹೆಂಗಸು ನಲವತ್ತಮೂರು ವರ್ಷ ಒಂದು ಊರಿಗೆ ಉಣಬಡಿಸಿ, ಕೊನೆಗೆ ನಾನು ಯಾರು ಎಂದು ಕೇಳಬೇಕಾದರೆ ತಪ್ಪು ಆ ಊರಿನದು. ಬಾಯಿಬಿಟ್ಟು ಹೇಳಿಯೂ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಕೂಟದ ಬೆಳಗ್ಗೆ ಮಂಜು ಸರಿದು ಬಿಸಿಲು ಬಂದಿತ್ತು. ದೊಡ್ಡಿಯಲ್ಲಿ ಒಂದು ಹೆಣ್ಣುಕುರಿಯ ಮೇಲೆ ಜಗಳ ಎದ್ದಿತ್ತು. ಮರಿಯಿದ್ದಾಗ ಕಿವಿಗೆ ಹಾಕಿದ ಕಚ್ಚು ನೋಡಿದರೆ ಅದು ಪಕ್ಕದ ಕಣಿವೆಯ ವಿಲ್ಫ್ ರೆಲ್ಫ್‌ನ ಮಂದೆಯದು, ಆದರೆ ಎಡ ಸೊಂಟದ ಉಣ್ಣೆಯ ಮೇಲೆ ಮೌನ್ಸಿ ಮನೆಯ ಒಂದು ಕೆಂಪು ಪಟ್ಟೆ. ವಿಲ್ಫ್ ಅದನ್ನು ಹಿಂದೆಯೇ ಮಾರಿದ್ದ, ಮಾರಿದ್ದು ಮರೆತಿದ್ದ. ಜಾಸಿ ಕಿವಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ.

"ಹುಟ್ಟಿದ್ದು ನಿನ್ನ ಹತ್ರಾನೇ ವಿಲ್ಫ್, ಇಲ್ಲ ಅಂದೋರ್ಯಾರು? ಈಗ ಯಾರದ್ದು ಅಂತ ಕೇಳಿದ್ರೆ ಬಣ್ಣ ನೋಡ್ಬೇಕು. ಬಿಡು ಅದನ್ನ."

ಮಧ್ಯಾಹ್ನ ಹಾಲ್ ತುಂಬಿತು. ದೊಡ್ಡ ಟ್ರೇಯ ಮುಂದೆ ಕಾರ್ಡು ನಿಂತಿತ್ತು. ಹೆಸರಿನ ಜಾಗ ಖಾಲಿ. ಅದರ ಕೆಳಗೆ ಥರ್ಜಾಳ ದುಂಡಗಿನ ಅಕ್ಷರದಲ್ಲಿ: ಅರ್ಧ ಕುರಿ, ಅರ್ಧ ದನ. ಮೊದಲಿನಿಂದಲೂ ಹೀಗೆಯೇ.

ಓದಿದವರು ಪಕ್ಕದವರಿಗೆ ಹೇಳಿದರು. ಆಮೇಲೆ ವಿಲ್ಫ್ ಬಾಯಿಬಿಟ್ಟ, ಬೆಳಗಿನ ಸಿಟ್ಟು ಇನ್ನೂ ಹೊಟ್ಟೆಯಲ್ಲಿತ್ತಲ್ಲ. "ಏನು ಜಾಸಿ, ಉತ್ತರದ ಇಳಿಜಾರಲ್ಲಿ ಮೂರು ವರ್ಷದ ದನ ಮೇಯ್ತಿತ್ತಾ?"

ನಕ್ಕರು ನೋಡಿ, ಕಿಟಕಿಗಾಜು ಅದುರಿತು. ಜಾಸಿ ಕಿವಿಯವರೆಗೂ ಕೆಂಪಾಗಿ ಎದ್ದು ನಿಂತ. ಥರ್ಜಾ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಗೆ ಬಂದಳು. ಅವಳ ಹಿಂದೆ ನಾನು, ಸೌಟು ಹಿಡಿದು, ಬೇಕಾದರೆ ಒಂದು ಬಿಡೋಣ ಎಂದೇ.

"ಮೊದಲ್ನೇ ವರ್ಷದಿಂದಾನಾ?" ಜಾಸಿ ಕೇಳಿದ.

"ಮೊದಲ್ನೇ ವರ್ಷದಿಂದ. ಎರಡನೇ ವರ್ಷ ಒಂದು ಬಿಟ್ಟು. ಅವತ್ತು ನೀನು ಹೋದ ವರ್ಷದ ಹಾಗಿಲ್ಲ ಅಂದೆ."

"ನಮ್ಮಮ್ಮಂಗೂ ಇದನ್ನೇ ಹಾಕಿದ್ಯಾ?"

"ಎರಡು ಸಲ ಬಡಿಸ್ಕೊಂಡು ತಿಂದ್ಲು."

ಜಾಸಿ ರೊವೀನಾಳ ಕಡೆ ತಿರುಗಿ, "ಆ ಟ್ರೇ ಇಲ್ಲಿ ತಗೊಂಬಾ ಹುಡುಗಿ. ತಕರಾರು ಇರೋದನ್ನ ನನ್ನ ಮುಂದೆ ತರೋದು ಪದ್ಧತಿ" ಎಂದ.

ಟ್ರೇ ಅವನ ಮೇಜಿಗೆ ಬಂತು. ದೊಡ್ಡಿಯಲ್ಲಿ ಕುರಿಯ ಸುತ್ತ ಬರುವ ಹಾಗೆಯೇ ಅದರ ಸುತ್ತ ಒಂದು ಸುತ್ತು ಬಂದ. ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ.

"ಕಿವಿ ಬಯಲಿಂದು" ಎಂದ ಜಾಸಿ. "ಅದರಲ್ಲಿ ಅನುಮಾನ ಇಲ್ಲ."

ಆಮೇಲೆ ವಿನೆಗರ್‌ನಲ್ಲಿ ನೆನೆಸಿಟ್ಟ ಬೀಟ್ರೂಟಿನ ಬೋಗುಣಿಗೆ ಹೆಬ್ಬೆರಳು ಅದ್ದಿ, ಆಲೂಗಡ್ಡೆಯ ಬಿಳಿಯ ಮೇಲೆ, ಎಡಗಡೆ, ಉದ್ದಕ್ಕೆ ಒಂದು ಕೆಂಪು ಪಟ್ಟೆ ಎಳೆದ.

"ಯಾರದ್ದು ಹೇಳು ವಿಲ್ಫ್."

ವಿಲ್ಫ್ ತಲೆ ಕೆರೆದುಕೊಂಡ. "ಮೌನ್ಸಿಯೋರದ್ದು."

"ಮತ್ಯಾಕೆ ಎಲ್ರೂ ಬಾಯಿ ಬಿಟ್ಕೊಂಡು ನಿಂತಿದೀರ? ಬಡಿಸಿ. ಅಂಚಿನ ತುಂಡು ನನಗೆ."

ಆಗ ಎದ್ದ ಗಲಾಟೆಯಲ್ಲಿ ಥರ್ಜಾ ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ನಾನಂತೂ ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ರೊವೀನಾ ಮಾತ್ರ ಪೆನ್ನು ಹಿಡಿದು ನಿಂತೇ ಇದ್ದಳು.

"ಬೇಜಾರು ಮಾಡ್ಕೋಬೇಡಿ, ಹೆಸರಿನ ಜಾಗ ಇನ್ನೂ ಖಾಲಿ ಇದೆ."

"ಅವಳನ್ನ ಕೇಳು" ಎಂದ ಜಾಸಿ, ಬಾಯಿ ತುಂಬ ಪೈ ಇಟ್ಟುಕೊಂಡು. "ಮಾಡಿದೋಳು ಅವಳು."

ಥರ್ಜಾ ಮೂಗು ಒರೆಸಿಕೊಂಡಳು. "ಕುರಿಗಾಹಿ ಹೆಂಡತಿ ಪೈ ಅಂತ ಬರಿ" ಎಂದಳು.

ರೊವೀನಾ ಬರೆದಳು. ಜಾಸಿ ಕನ್ನಡಕ ಏರಿಸಿ ಓದಿ, ಸರಿಯಿದೆ ಎಂಬಂತೆ ಗೋಣು ಆಡಿಸಿದ. ಅವನ ಹೆಬ್ಬೆರಳು ಇನ್ನೂ ಕೆಂಪಾಗಿತ್ತು. ಒರೆಸಲು ಬಟ್ಟೆ ಹುಡುಕಿದ, ಸಿಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಥರ್ಜಾಳ ಬಿಳಿ ಏಪ್ರನ್ನಿನ ಅಂಚು ಎಳೆದು, ಎಡ ಸೊಂಟದ ಹತ್ತಿರ, ಮೇಲಿಂದ ಕೆಳಕ್ಕೆ ಒಂದೇ ಗೆರೆಯಲ್ಲಿ ಬೆರಳು ಒರೆಸಿದ.

"ಹೊಸ ಏಪ್ರನ್ ಕಣೋ, ಮುದಿಯಾ" ಎಂದು ಬೈದಳು ಥರ್ಜಾ.

ಆ ಏಪ್ರನ್ ಈಗ ಐಸಾಕನ ಟೋಪಿಯ ಪಕ್ಕದ ಮೊಳೆಯಲ್ಲಿದೆ. ಬೀಟ್ರೂಟ್ ಕಲೆ ತಣ್ಣೀರಿಗೆ ಹಾಕಿದರೆ ಹೋಗುತ್ತದೆ ಎಂದು ನಾನು ಹೋದ ವಾರವೂ ಹೇಳಿದೆ.

"ಗೊತ್ತು" ಎಂದಳು.