ಲೈಸಾನಿಯಾಸರು ನಡುಗಡಲಲ್ಲಿ ಹಾಕಿದ ಗಂಟು

ಸಮೋಥ್ರೇಸ್ ದ್ವೀಪದ ಮಹಾದೇವತೆಗಳ ಗುಡಿಯಲ್ಲಿ ದೀಕ್ಷೆ ಕೊಟ್ಟ ಗುರುಗಳು ಅನೇಕರಿದ್ದರೂ, ಅರಸನ ಮಗನನ್ನೂ ಹಡಗಿನಲ್ಲಿ ಹುಟ್ಟು ಹಾಕುವ ಗುಲಾಮನನ್ನೂ ಒಂದೇ ಹಲಗೆಯ ಮೇಲೆ ಕೂರಿಸಿ, ಇಬ್ಬರ ಸೊಂಟಕ್ಕೂ ಒಂದೇ ಬಗೆಯ ನೇರಳೆ ಪಟ್ಟಿ ಕಟ್ಟಿ, ಇಬ್ಬರಿಗೂ ನಾವಿಕರನ್ನು ಕಾಯುವ ಅವಳಿ ದೇವರ ನಕ್ಷತ್ರಗಳನ್ನು ಅಷ್ಟೇ ತಾಳ್ಮೆಯಿಂದ ತೋರಿಸಿದವರು ಪೂಜ್ಯ ಲೈಸಾನಿಯಾಸರು. ಅವರು ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಸಂದರ್ಭದ ಈ ಗೌರವ ಸಂಪುಟಕ್ಕೆ, ಗುಡಿಯ ಹಿರಿಯರು ನನ್ನಂಥ ನಾವಿಕನಿಂದಲೂ ನಾಲ್ಕು ಮಾತು ಕೇಳಿದ್ದಾರೆ.

ನಾನೂ ನನ್ನ ತಮ್ಮ ಏಗೋನನೂ ಅವಳಿ ಮಕ್ಕಳು. ನಾವಿಬ್ಬರಿದ್ದ ಹಡಗಿಗೆ ಅವಳಿ ದೇವರ ಕಾವಲೆಂದು ನಮ್ಮನ್ನು ಕರೆಕರೆದು ಹತ್ತಿಸಿಕೊಳ್ಳುತ್ತಿದ್ದರು. ಏಗೋನ್ ಜ್ವರದಿಂದ ತೀರಿಕೊಂಡ ಮೇಲೆ ಎಲ್ಲವೂ ತಿರುವುಮುರುವಾಯಿತು. ಬಿರುಗಾಳಿಯಲ್ಲಿ ಹಾಯಿ ಕಟ್ಟುವ ಪಟಮರದ ತುದಿಗೆ ತಾನಾಗಿಯೇ ಹೊತ್ತುವ ಬೆಳಕು ಎರಡು ಕಂಡರೆ ಅವಳಿ ದೇವರು ಬಂದರೆಂದು ನಾವಿಕರಿಗೆ ಜೀವ ಬರುತ್ತದೆ. ಒಂದೇ ಕಂಡರೆ ಸಾವು. ಅವರ ಕಣ್ಣಿಗೆ ನಾನು ಆ ಒಂಟಿ ಬೆಳಕಾದೆ. "ಹೋಗೋ ಆಚೆ! ನಿನ್ನ ಹತ್ತಿಸ್ಕೊಂಡು ನನ್ನ ಹೆಂಡ್ತಿ ಮಕ್ಕಳನ್ನ ಬೀದಿಗೆ ಹಾಕ್ಲಾ?" ಎಂದು ಹಡಗಿನ ಒಡೆಯ ಸೋತಿಯೋನ್ ಬಂದರಿನಲ್ಲೇ ಅಟ್ಟಿದ. ಸಮುದ್ರ ಬಿಟ್ಟು ಬೇರೆ ಬದುಕು ನನಗೆ ಗೊತ್ತಿರಲಿಲ್ಲ. ದೀಕ್ಷೆಯ ನೇರಳೆ ಪಟ್ಟಿ ಕಟ್ಟಿದವರು ಕಡಲಲ್ಲಿ ಮುಳುಗುವುದಿಲ್ಲವೆಂಬ ನಂಬಿಕೆಯಿಂದ ಗುಡಿಯ ಮೆಟ್ಟಿಲು ಹತ್ತಿದೆ.

ಗುರುಗಳು ನನಗೆ ದೀಕ್ಷೆ ಕೊಟ್ಟು, ಅಷ್ಟಕ್ಕೇ ಸುಮ್ಮನಾಗದೆ, ಬಂದರಿಗೆ ಇಳಿದು ಬಂದರು. "ಇವನ ಜೊತೆ ನಾನೂ ಬರ್ತೀನಿ ಸೋತಿಯೋನ್. ಈಗೇನಂತೀಯ?" ದೀಕ್ಷಾಗುರುಗಳನ್ನು ಬೇಡವೆನ್ನಲು ಯಾರಿಗೆ ಧೈರ್ಯ! ಬೆಟ್ಟದ ಕುರಿಗಾಹಿಗಳ ಮನೆಯವರಾದ ಅವರು ಹಗ್ಗ ಬಿಚ್ಚಿದ ಗಳಿಗೆಯಿಂದ ವಾಂತಿ ಮಾಡಿಕೊಳ್ಳುತ್ತಲೇ ಕೂತಿದ್ದರು, ಪಾಪ.

ಮಧ್ಯಾಹ್ನ ಗಾಳಿ ಎದ್ದಿತು, ಆಕಾಶ ಕಪ್ಪಿಟ್ಟಿತು, ಪಟಮರದ ತುದಿಯಲ್ಲಿ ಬೆಳಕು ಹೊತ್ತಿತು. ಒಂದೇ ಒಂದು. ಹುಟ್ಟು ಹಾಕುತ್ತಿದ್ದವರು ನನ್ನ ತೋಳು ಹಿಡಿದು ಹಡಗಿನ ಅಂಚಿಗೆ ಎಳೆದರು. ಗುರುಗಳು ತೆವಳಿಕೊಂಡು ಬಂದು, ತಮ್ಮ ನೇರಳೆ ಪಟ್ಟಿ ಬಿಚ್ಚಿ, ನನ್ನ ಸೊಂಟವನ್ನೂ ತಮ್ಮ ಸೊಂಟವನ್ನೂ ಸೇರಿಸಿ ಗಂಟು ಬಿಗಿದರು.

"ಎಸೀರಿ. ಇಬ್ರನ್ನೂ ಎಸೀರಿ."

ಯಾರ ಕೈಯೂ ಏಳಲಿಲ್ಲ. ಸಂಜೆಯ ಹೊತ್ತಿಗೆ ಗಾಳಿ ಇಳಿಯಿತು. ನೆನೆದ ಗಂಟು ಬಿಚ್ಚಲಾಗದೆ ಇಬ್ಬರೂ ಹಾಗೆಯೇ ಕೂತಿದ್ದಾಗ ಕೇಳಿದೆ: "ಕಾಪಾಡ್ತೀವಿ ಅಂತ ಅವಳಿ ದೇವರು ನಿಮಗೆ ಹೇಳಿದ್ರಾ, ಸ್ವಾಮಿ?"

"ನಂಗ್ಯಾರು ಹೇಳ್ತಾರೋ? ನಂಗೆ ಈಜೂ ಬರಲ್ಲ ಕಣೋ!"

ಸೋತಿಯೋನ್ ಮತ್ತೆ ನನ್ನನ್ನು ಇಳಿಸಲಿಲ್ಲ. ಇಂದು ಅವನ ಹಡಗಿನ ಚುಕ್ಕಾಣಿ ನನ್ನ ಕೈಯಲ್ಲಿದೆ. ಅವಳಿ ದೇವರಲ್ಲಿ ಸಾವಿಲ್ಲದವನು ಸತ್ತ ಸಹೋದರನಿಗೆ ತನ್ನ ಆಯುಷ್ಯದ ಅರ್ಧ ಕೊಟ್ಟನೆಂದೂ, ಅದರಿಂದಲೇ ಇಬ್ಬರೂ ನಕ್ಷತ್ರಗಳಾದರೆಂದೂ ಗುರುಗಳು ಕಲಿಸಿದ್ದಾರೆ. ನಾನು ದೇವರ ಮಗನಲ್ಲ. ಆದರೂ ನನಗೆ ಉಳಿದ ಆಯುಷ್ಯದಲ್ಲಿ ಅರ್ಧ ಗುರುಗಳಿಗೆ ಸಲ್ಲಲಿ, ಇನ್ನೂ ಬಹುಕಾಲ ಅವರು ಗುಡಿಯ ಮೆಟ್ಟಿಲಲ್ಲಿ ಕೂತು ಹೊಸಬರಿಗೆ ದಾರಿ ಹೇಳುತ್ತಿರಲಿ. ಏಗೋನನ ಹಾಸಿಗೆಯ ಪಕ್ಕ ಕೂತು ಇದನ್ನೇ ಬೇಡಿಕೊಂಡಿದ್ದೆ. ಆಗ ದೇವರು ಒಪ್ಪಲಿಲ್ಲ. ಈ ಸಲವಾದರೂ ಒಪ್ಪಲಿ.