ಖಾಲಿ ಟ್ಯಾಂಕರಿನ ತೂಕ

ನಮ್ಮ ಚಿಕ್ಕಮ್ಮ ಕೋಪ ಬಂದರೆ ಕೂಗಾಡುವವಳಲ್ಲ. ಕೂಗಾಡುವ ಕೆಲಸ ನನ್ನದು. ಅವಳು ಪಾತ್ರೆ ಉಜ್ಜುತ್ತಾಳೆ, ಅಷ್ಟೇ. ಚಿಕ್ಕಪ್ಪ ಸತ್ತ ಮೇಲೆ ನಾಲ್ಕು ವರ್ಷ ನಮ್ಮ ಮನೆಯ ಪಾತ್ರೆಗಳಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಅವಳು ಊರಾಚೆಯ ಶುದ್ಧೀಕರಣ ಘಟಕದ ಗೇಟಿನಲ್ಲಿ ವೇಬ್ರಿಡ್ಜ್ ನೋಡಿಕೊಳ್ಳುವವಳು, ಅಂದರೆ ಲಾರಿ ತೂಗುವವಳು. ಕಾರ್ಖಾನೆಗಳು ಬಳಸಿ ಬಿಟ್ಟ ಆಸಿಡ್ ಟ್ಯಾಂಕರುಗಳಲ್ಲಿ ಅಲ್ಲಿಗೆ ಬರುತ್ತದೆ. ಕಾರ್ಖಾನೆ ಬಿಟ್ಟಾಗ ಎಷ್ಟು ತೂಕ, ಗೇಟಿಗೆ ಬಂದಾಗ ಎಷ್ಟು, ಸುರಿದು ಖಾಲಿಯಾಗಿ ಹೋಗುವಾಗ ಎಷ್ಟು, ಮೂರೂ ನಗರದ ಕಚೇರಿಗೆ ಹೋಗಬೇಕು. ಊರೊಳಗೆ ಬಂದ ವಿಷವೆಲ್ಲ ಹೊರಗೆ ಹೋಯಿತೋ ಇಲ್ಲವೋ ಎಂದು ಅಲ್ಲಿ ತಾಳೆ ನೋಡುತ್ತಾರೆ. ನಡುವೆ ಒಂದು ಟನ್ ಕಾಣೆಯಾದರೆ ಅದು ಯಾವುದೋ ಚರಂಡಿ ಸೇರಿದೆ ಎಂದೇ ಅರ್ಥ.

ನಿಯಮವೇನೋ ಹೀಗಿತ್ತು. ಆದರೆ ಖಾಲಿ ಟ್ಯಾಂಕರನ್ನು ಯಾರೂ ತೂಗುತ್ತಿರಲಿಲ್ಲ. ಹಿಂದೆ ಉದ್ದನೆ ಸಾಲು, ಹಾರ್ನು, ಬೈಗುಳ. ಖಾಲಿ ತೂಕ ಎಷ್ಟೆಂದು ಟ್ಯಾಂಕರಿನ ಬಾಗಿಲ ಮೇಲೆ ಬಣ್ಣದಲ್ಲಿ ಬರೆದೇ ಇರುತ್ತದಲ್ಲ, ಅದನ್ನೇ ಚೀಟಿಗೆ ಇಳಿಸಿ ಸೀಲು ಒತ್ತಿ ಕಳಿಸುವುದು. ಎಲ್ಲರೂ ಹಾಗೇ ಮಾಡುತ್ತಿದ್ದರು, ಚಿಕ್ಕಮ್ಮನೂ ಅಷ್ಟೇ.

ಚಿಕ್ಕಪ್ಪ ಚರಂಡಿ ವಿಭಾಗದವನು. ಒಂದು ಬೆಳಿಗ್ಗೆ ಮ್ಯಾನ್‌ಹೋಲಿಗೆ ಇಳಿದವನನ್ನು ಮೈಯೆಲ್ಲ ಸುಟ್ಟ ಸ್ಥಿತಿಯಲ್ಲಿ ಮೇಲೆತ್ತಿದರು. ಮೂರು ದಿನ ಇದ್ದ. ಚರಂಡಿಗೆ ಆಸಿಡ್ ಎಲ್ಲಿಂದ ಬಂತು? ಎಲ್ಲ ಟ್ಯಾಂಕರುಗಳ ಚೀಟಿಯೂ ತಾಳೆಯಾಗುತ್ತಿದೆ, ಎಲ್ಲಿಂದಲೂ ಬಂದಿಲ್ಲ ಎಂದು ವಿಚಾರಣೆ ಮುಗಿಸಿಬಿಟ್ಟರು. ಟ್ಯಾಂಕರುಗಳ ಗುತ್ತಿಗೆದಾರನೊಬ್ಬ ಇದ್ದ, ನಾವು ಅವನನ್ನು ಬಿಳಿಶರ್ಟು ಎನ್ನುತ್ತಿದ್ದೆವು. ಆಸ್ಪತ್ರೆಯ ವರಾಂಡದಲ್ಲೇ ನಿಂತು ಆ ಮಹಾನುಭಾವ, "ಪಾಪ, ಕುಡಿದು ಇಳಿದಿರ್ಬೇಕು ಬಿಡಿ" ಎಂದ. ಕೆಮ್ಮಿನ ಔಷಧಿ ಕುಡಿದರೇ ತಲೆ ತಿರುಗುತ್ತದೆ ಎಂದು ಮಲಗಿಬಿಡುತ್ತಿದ್ದ ನಮ್ಮ ಚಿಕ್ಕಪ್ಪ! ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಕಾಲರಿಗೆ ಕೈ ಹಾಕಲು ಹೊರಟವಳನ್ನು ಚಿಕ್ಕಮ್ಮ ಹಿಡಿದುಕೊಂಡಳು.

"ಈಗ ಬೇಡ ಕಣೇ," ಎಂದಳು.

ಕಳೆದ ಚಳಿಗಾಲದಲ್ಲಿ ಗೇಟಿನ ಅಡ್ಡಕಂಬ ಮೇಲೇಳದೆ ಕೆಟ್ಟು ಕೂತಿತು. ಸುರಿದು ಹೊರಟಿದ್ದ ಬಿಳಿಶರ್ಟಿನ ಟ್ಯಾಂಕರ್ ವೇಬ್ರಿಡ್ಜಿನ ಮೇಲೇ ನಿಲ್ಲಬೇಕಾಯಿತು. ಚಿಕ್ಕಮ್ಮನ ಕಣ್ಣು ಸುಮ್ಮನೆ ಯಂತ್ರದ ಕಡೆ ಹೋಯಿತು. ಬಾಗಿಲ ಮೇಲೆ ಎಂಟು ಟನ್ ಎಂದಿದೆ, ಯಂತ್ರ ಹತ್ತೂವರೆ ತೋರಿಸುತ್ತಿದೆ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕೇಳಿದಳು: "ಖಾಲಿ ಟ್ಯಾಂಕರ್ ಎಲ್ಲಾದ್ರೂ ಬಸುರಿ ಆಗುತ್ತೇನೇ?"

ಮರುದಿನ ಬೇಕೆಂದೇ ಪೆನ್ನು ಬೀಳಿಸಿ ಬಗ್ಗಿ ನೋಡಿದಳು. ಟ್ಯಾಂಕಿನ ಅಡಿಯ ಪೆಟ್ಟಿಗೆಯಲ್ಲಿ ಮರಳಿನ ಚೀಲಗಳು! ಆಮೇಲೆ ಗೊತ್ತಾದದ್ದು ಇಷ್ಟು: ಬಿಳಿಶರ್ಟು ದಾರಿಯಲ್ಲಿ ಎರಡೂವರೆ ಟನ್ ಆಸಿಡನ್ನು ಲೋಹ ತೊಳೆಯುವ ಶೆಡ್ಡುಗಳಿಗೆ ಕದ್ದು ಮಾರುತ್ತಿದ್ದ. ಅಷ್ಟೇ ತೂಕದ ಮರಳು ತುಂಬಿಸಿ ಗೇಟಿಗೆ ತರುತ್ತಿದ್ದ. ಶೆಡ್ಡಿನವರು ಕೆಲಸ ಮುಗಿಸಿ ಆಸಿಡನ್ನು ಚರಂಡಿಗೆ ಬಿಡುತ್ತಿದ್ದರು. ಹೋಗುವಾಗ ಯಾರೂ ತೂಗುವುದಿಲ್ಲ ಎಂಬ ಧೈರ್ಯಕ್ಕೆ ಟ್ಯಾಂಕರಿನವರು ಮರಳನ್ನು ಇಳಿಸುವ ಗೋಜಿಗೂ ಹೋಗುತ್ತಿರಲಿಲ್ಲ, ಸೋಮಾರಿಗಳು.

ಅವತ್ತಿನಿಂದ ಆ ಟ್ಯಾಂಕರುಗಳು ಹೊರಟಾಗಲೆಲ್ಲ ಚಿಕ್ಕಮ್ಮ ಕಿಟಕಿಯಿಂದ ಕೈ ಬೀಸುವಳು: "ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಾಕೊಂಡಿದೆ, ಒಂದ್ನಿಮಿಷ ನಿಲ್ಸಣ್ಣಾ!" ಆ ಒಂದು ನಿಮಿಷದಲ್ಲಿ ತೂಕ ದಾಖಲಾಗುತ್ತಿತ್ತು. ಚಾಲಕರು ಪಾಪದ ಹೆಂಗಸು ಎಂದು ಮರುಗಿದರು. ಹೀಗೆ ಹನ್ನೊಂದು ವಾರ. ಆ ಹನ್ನೊಂದು ವಾರ ಮನೆಯಲ್ಲಿ ಪಾತ್ರೆ ಉಜ್ಜಿದ್ದು ನಾನು. ಅವಳು ಏನೋ ಗುನುಗಿಕೊಂಡು ಕೂತಿರುತ್ತಿದ್ದಳು.

ದಾಖಲೆಗಳನ್ನೆಲ್ಲ ನಗರದ ಕಚೇರಿಗೆ ಒಪ್ಪಿಸಿದಳು. ವಿಚಾರಣೆಯ ದಿನ ಬಿಳಿಶರ್ಟು ವಕೀಲನ ಜೊತೆ ಬಂದ. ಅವನ ಚಾಲಕ ಹಿಂದಿನ ಬೆಂಚಿನಲ್ಲಿ ಮುದುಡಿ ಕೂತಿದ್ದ.

"ಇದು ಚಾಲಕರ ಕಳ್ಳಾಟ ಮೇಡಂ, ನಮ್ಮವರಿಗೆ ಗೊತ್ತೇ ಇಲ್ಲ," ಎಂದ ವಕೀಲ, ವಿಚಾರಣೆಯ ಅಧಿಕಾರಿಗೆ. "ಇನ್ನು ನಾಲ್ಕು ವರ್ಷದ ಹಿಂದಿನ ಸಾವು. ಅವರು ಮ್ಯಾನ್‌ಹೋಲಿಗೆ ಇಳಿದದ್ದರ ಹಿಂದಿನ ದಿನದ ಚೀಟಿ ಇಲ್ಲಿದೆ. ಖಾಲಿ ತೂಕ ಎಂಟೇ ಟನ್."

"ಬರೆದವರು ಯಾರು ಕೇಳಿ," ಎಂದು ಬಿಳಿಶರ್ಟು ಹಲ್ಲು ಕಿರಿದ. "ಇವರೇ. ಸೀಲೂ ಇವರದೇ."

ಪಾಪಿ, ಆ ಚೀಟಿಯನ್ನು ನಾಲ್ಕು ವರ್ಷ ಜೋಪಾನ ಮಾಡಿದ್ದ. ಅದು ನಿಜವೆಂದರೆ ಅವನು ಪಾರು. ಸುಳ್ಳೆಂದರೆ ಚಿಕ್ಕಮ್ಮನ ನೌಕರಿ ಹೋಗುತ್ತದೆ.

ಚಿಕ್ಕಮ್ಮ ಎದ್ದು ನಿಂತಳು. "ಆ ತೂಕ ಸುಳ್ಳು ಮೇಡಂ. ಅವತ್ತು ನಾನು ತೂಗಲೇ ಇಲ್ಲ. ಬಾಗಿಲ ಮೇಲಿದ್ದದ್ದನ್ನ ನೋಡಿ ಬರೆದೆ. ತಪ್ಪು ನಂದು, ಬರ್ಕೊಳ್ಳಿ. ಬರ್ಕೊಂಡಾದ್ಮೇಲೆ ಇವನನ್ನ ಮಾತ್ರ ಬಿಡ್ಬೇಡಿ."

ಬಿಳಿಶರ್ಟಿನ ಹಲ್ಲು ಒಳಗೆ ಹೋದವು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಚಾಲಕ ಎದ್ದ. "ಕಳ್ಳಾಟ ನಮ್ದಾ? ಅವತ್ತೂ ಮರಳು ಹಾಕ್ಸಿದ್ದು ಇವ್ರೇ ಮೇಡಂ! ನಾನೇ ಹೊತ್ತಿದೀನಿ!"

ಪೊಲೀಸರು ಗುತ್ತಿಗೆದಾರನನ್ನು ಜೀಪು ಹತ್ತಿಸುವಾಗ ಆ ಬಿಳಿ ಶರ್ಟು ಬೆವರಿನಲ್ಲಿ ಬೆನ್ನಿಗೆ ಅಂಟಿಕೊಂಡಿತ್ತು. ಸುಳ್ಳೇಕೆ ಹೇಳಲಿ, ನಾನು ಬೀದಿಯಲ್ಲೇ ಚಪ್ಪಾಳೆ ತಟ್ಟಿದೆ. ಮುಂದಿನ ವಾರ ಚಿಕ್ಕಮ್ಮನನ್ನು ಕೆಲಸದಿಂದ ತೆಗೆದರು.

ಅವತ್ತು ನಾನು ಮನೆಗೆ ಬಂದಾಗ ಅವಳು ಬಚ್ಚಲ ಬಳಿ ಕೂತು ಪಾತ್ರೆ ಉಜ್ಜುತ್ತಿದ್ದಳು.

"ಇನ್ನೂ ಯಾರ ಮೇಲೆ ಸಿಟ್ಟು ಚಿಕ್ಕಮ್ಮ? ಅವನು ಒಳಗೆ ಹೋದ್ನಲ್ಲ."

"ಅವನೊಬ್ಬನೇ ಏನೇ?" ಎಂದಳು, ತಲೆಯೆತ್ತದೆ. "ಸೀಲು ಒತ್ತಿದವಳು ಇನ್ನೂ ಈ ಮನೇಲೇ ಊಟ ಮಾಡ್ಕೊಂಡಿದಾಳಲ್ಲ."

ಆಗಲೇ ಹೊಳೆಯುತ್ತಿದ್ದ ತಟ್ಟೆಯನ್ನು ಅವಳು ಮತ್ತೆ ಉಜ್ಜತೊಡಗಿದಳು.