ಕುಂಕುಮದ ಪೊಟ್ಟಣದೊಡನೆ ಮಾಲೂರಿಗೆ

ನಮ್ಮ ಮೊಮ್ಮಗಳು ಸುಮಾಗೆ ಅವಳು ಕೆಲಸ ಮಾಡುವ ಪ್ರಯೋಗಾಲಯದ ದೊಡ್ಡ ಯಂತ್ರ ವಹಿಸಿಕೊಟ್ಟರು. ಇನ್ನು ಮೇಲೆ ಯಾರೂ ಪಕ್ಕದಲ್ಲಿ ನಿಲ್ಲದೆ ಅವಳೊಬ್ಬಳೇ ಅದನ್ನು ನಡೆಸಬಹುದು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಆದರೂ ಈ ಸುದ್ದಿ ನನ್ನ ಕೈಯಿಂದಲೇ ಊರಿಗೆ ಮುಟ್ಟಲಿ ಎಂದು ಬರೆಯುತ್ತಿದ್ದೇನೆ.

ಯಂತ್ರ ನಡೆಸಿ ತೋರಿಸುವ ಪರೀಕ್ಷೆಯ ದಿನ ನೀವೂ ಬನ್ನಿ ಎಂದು ಫೋನ್ ಮಾಡಿದ್ದಳು. ಶ್ರೀನಿವಾಸಪುರದಿಂದ ಮೊದಲ ಬಸ್ಸಿಗೇ ಹೊರಟೆವು. ಮಂಜಿನಲ್ಲಿ ಮಾವಿನ ತೋಪುಗಳು ಕಾಣುತ್ತಿರಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ. ಯಜಮಾನರು ಮಾತ್ರ ದುಡ್ಡು ಕೊಟ್ಟರು. "ಕಾಸಿಲ್ದೆ ಬರ್ತಿದ್ದೀಯ, ಒಂದ್ ಕಡೆ ನೆಟ್ಟಗೆ ಕೂತ್ಕೋ," ಎಂದರು. ಕೂರಲು ಆಗಲಿಲ್ಲ. ಕೋಲಾರದಲ್ಲಿ ಇಡ್ಲಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ನರಸಾಪುರದ ಹತ್ತಿರ ಕಂಪನಿ ಬಸ್ಸುಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ ಎದ್ದು ಹೋಗಿ, ಸ್ವಲ್ಪ ಬೇಗ ಹೋಗಬಾರದೇ ಎಂದು ಡ್ರೈವರನ್ನೇ ಕೇಳಿದೆ.

"ಏನಮ್ಮಾ, ಹಾರಿಸ್ಕೊಂಡ್ ಹೋಗ್ಲಾ?" ಎಂದ.

ಪ್ರಯೋಗಾಲಯ ಮಾಲೂರಿನಿಂದ ಸ್ವಲ್ಪ ಆಚೆ. ಯಂತ್ರ ನಮ್ಮ ರೇಷ್ಮೆ ಹುಳದ ಮನೆಯ ಅರ್ಧದಷ್ಟಿತ್ತು, ಬರೀ ಸ್ಟೀಲು, ಪೈಪು, ಪಂಪು. ಒಳಗಿನ ಗಾಳಿಯನ್ನೆಲ್ಲ ಪಂಪುಗಳು ಎಳೆದುಹಾಕುತ್ತವಂತೆ. ಆ ಬರಿದಾದ ಜಾಗಕ್ಕೆ ಸಣ್ಣ ಬಾಯಿಂದ ಗ್ಯಾಸನ್ನು ನೂಲಿನಂತೆ ಬಿಡುತ್ತಾರೆ. ಕಣ್ಣಿಗೆ ಕಾಣದ ಕಣಗಳು ಓಡಿಬಂದು ಅದಕ್ಕೆ ಬಡಿಯುತ್ತವೆ. ನಕ್ಷತ್ರಗಳು ಹೇಗೆ ಉರಿಯುತ್ತವೆ ಎಂದು ಅದರಿಂದ ತಿಳಿಯುತ್ತದಂತೆ. ಯಂತ್ರ ಒಂದೇ, ಬೇಕೆನ್ನುವವರು ಹಲವರು. ನಮ್ಮ ಬೋರ್‌ವೆಲ್ ನೀರಿನ ಹಾಗೆ ಸರದಿ. ಸುಮಾಳ ಸರದಿಯಲ್ಲಿ ಗ್ಯಾಸು ಅಲುಗದೆ ನಿಲ್ಲದಿದ್ದರೆ ಯಂತ್ರ ಮುಂದಿನವರ ಪಾಲು, ಅವಳು ಮತ್ತೆ ಒಂದು ವರ್ಷ ಕಾಯಬೇಕು.

ಕುಂಕುಮ ಇಡದೆ ಹೊಸ ಟಿಲ್ಲರನ್ನೂ ಚಾಲೂ ಮಾಡುವ ಮನೆ ನಮ್ಮದಲ್ಲ. ಯಂತ್ರದ ಮುಚ್ಚಳ ಇನ್ನೂ ತೆರೆದಿತ್ತು. ಮನೆಯಿಂದ ತಂದ ಪೊಟ್ಟಣ ಬಿಚ್ಚಿ ಬೆರಳು ಅದ್ದಿದೆ.

"ಅಜ್ಜೀ, ಕೈ ಅಲ್ಲೇ ಇರ್ಲಿ." ಸುಮಾ ಕೂಗಲಿಲ್ಲ, ಅದಕ್ಕೇ ಹೆಚ್ಚು ಹೆದರಿದೆ. "ಒಂದ್ ಚಿಟಿಕೆ ಒಳಗ್ ಬಿದ್ರೂ ಎಲ್ಲಾ ಬಿಚ್ಚಿ ತೊಳೀಬೇಕು. ಮುಖಕ್ಕೆ ಪೌಡರ್ ಹಾಕ್ಕೊಂಡ್ ಹುಳದ್ ಮನೆಗೆ ಬಂದ್ರೆ ನನ್ನ ಆಚೆ ತಳ್ತಿದ್ದೋಳು ಯಾರು?"

ನಾನೇ. ಪೊಟ್ಟಣ ಮಡಚಿ ಸೊಂಟಕ್ಕೆ ಸಿಕ್ಕಿಸಿ, ಹೋಗಿ ಕೈ ತೊಳೆದು ಬಂದೆ.

ಮುಚ್ಚಳ ಮುಚ್ಚಿ, ಎಲ್ಲರನ್ನೂ ಈಚೆ ಕಳಿಸಿ, ಬಾಗಿಲಿಗೆ ಬೀಗ ಹಾಕಿದರು. ಪಕ್ಕದ ಕೋಣೆಯ ಪರದೆಯ ಮೇಲೆ ಒಂದು ಗೆರೆ. ಅದು ನೆಟ್ಟಗಿದ್ದರೆ ಗ್ಯಾಸು ಸರಿಯಿದೆ ಎಂದರ್ಥ. ಅದು ನಡುಗುತ್ತಿತ್ತು. ನನ್ನ ಕುಂಕುಮವೇ ಬಿತ್ತೇನೋ ಎಂದು ಬೆರಳನ್ನು ಮತ್ತೆ ನೋಡಿಕೊಂಡೆ. ಎದ್ದೆ, ಕೂತೆ, ಮತ್ತೆ ಎದ್ದೆ.

"ನೀನ್ ಅಲ್ಲಾಡ್ತಿರೋದಕ್ಕೇ ಅದೂ ಅಲ್ಲಾಡ್ತಿದೆ," ಎಂದರು ಯಜಮಾನರು.

ಸುಮಾ ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಕಾದಳು. ಇನ್ನಷ್ಟು ತಿರುಗಿಸಿ ಮತ್ತೆ ಕಾದಳು. ಆ ತಾಳ್ಮೆ ಅವಳಿಗೆ ನನ್ನಿಂದ ಬಂದದ್ದಲ್ಲ. ಮೆಲ್ಲಗೆ ಗೆರೆ ನೆಟ್ಟಗಾಯಿತು, ನೆಟ್ಟಗೇ ನಿಂತಿತು. ಆಗ ಅವಳಿಗೆ ಕಲಿಸಿದ ಹಿರಿಯ ಮೇಡಂ ತಮ್ಮ ಕುರ್ಚಿಯಿಂದ ಎದ್ದರು. "ನಾನು ಕಾಫಿ ಕುಡಿದು ಬರ್ತೀನಿ. ಇನ್ಮೇಲೆ ನೀನೇ ನೋಡ್ಕೋ," ಎಂದು ಹೊರಟೇಹೋದರು. ನನ್ನ ಕಣ್ಣಲ್ಲಿ ನೀರು ಬಂತು.

ಸಂಜೆ ಪಾಳಿಯವರಿಗೆ ಯಂತ್ರ ಒಪ್ಪಿಸಿ ಸುಮಾ ಮಾಲೂರಿನ ತನ್ನ ಬಾಡಿಗೆ ಮನೆಗೆ ಬಂದಳು. ಅಷ್ಟರಲ್ಲಿ ಮಗ, ಸೊಸೆ ಊರಿಂದ, ಮಗಳು ಮುಳಬಾಗಿಲಿನಿಂದ ಬಂದು ಸೇರಿದ್ದರು. ಮುದ್ದೆ, ಅವರೆಕಾಳಿನ ಸಾರು. ತಟ್ಟೆಗೆ ಕೈ ಹಾಕುವ ಮುಂಚೆ ಸುಮಾ ನನ್ನ ಮುಂದೆ ಬಂದು ಕೂತಳು. "ಆ ಪೊಟ್ಟಣ ಎಲ್ಲಜ್ಜಿ? ನನ್ ಹಣೆಗಿಡು, ಇದನ್ನಾದ್ರೆ ತೊಳೀಬಹುದು."

ಇಟ್ಟೆ. ಆಮೇಲೆ ಎಲ್ಲರೂ ಸುತ್ತ ಕೂತು ಉಂಡೆವು. ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.